ಏಳನೆಯ ಲೆಕ್ಕ

"ಒಂದರ ಜೊತೆ ಇನ್ನೊಂದು ಬಲ್ಬ್ ಹಾಕಿದ್ರೆ ಬೆಳಕು ಎರಡರಷ್ಟು. ಇದನ್ನ ಹೇಳೋಕೂ ಒಂದು ಪುಸ್ತಕ ಬೇಕಾ?" ಎಂದು ಬಡಗಿ ನಕ್ಕ.

ಮಗಳು ನಗಲಿಲ್ಲ. ವಿಜ್ಞಾನದ ಹೋಂವರ್ಕಿನ ಏಳನೆಯ ಲೆಕ್ಕಕ್ಕೆ ಅರ್ಧ ಗಂಟೆಯಿಂದ ತಲೆ ಕೆಡಿಸಿಕೊಂಡು, ಈಗಷ್ಟೇ ಉತ್ತರ ಹಿಡಿದಿದ್ದಳು. "ಇಲ್ಲಪ್ಪ. ಇಲ್ಲಿ ಒಂದರ ಬಾಲಕ್ಕೆ ಇನ್ನೊಂದನ್ನ ಕಟ್ಟಿದ್ದಾರೆ. ಸರಣಿ ಜೋಡಣೆ ಅಂತ. ಬರೋ ವೋಲ್ಟೇಜನ್ನ ಎರಡೂ ಅರ್ಧರ್ಧ ಹಂಚ್ಕೊಳ್ತವೆ. ಎರಡರ ಬೆಳಕು ಸೇರಿದ್ರೂ ಒಂದೇ ಬಲ್ಬ್ ಇದ್ದಾಗಿನಷ್ಟು ಬರಲ್ಲ."

"ಹಾಗೆ ಯಾವ ದಡ್ಡ ಜೋಡಿಸ್ತಾನೆ?"

"ಗೊತ್ತಿಲ್ಲದೋರು ಜೋಡಿಸ್ತಾರಂತೆ. ಕಂಡುಹಿಡಿಯೋದು ಸುಲಭ ಅಂದ್ರು ಮಿಸ್ಸು. ಒಂದು ಬಲ್ಬ್ ತೆಗೆದ್ರೆ ಇನ್ನೊಂದೂ ಆರಿಹೋಗುತ್ತೆ." ಪೆನ್ಸಿಲ್ ಕಚ್ಚಿಕೊಂಡೇ ಹುಡುಗಿ ತಲೆಯೆತ್ತಿದಳು. "ಅಪ್ಪಾ, ಅಮ್ಮನ ಹೊಲಿಗೆ ಕೋಣೇಲಿ ಹಾಗೇ ಆಗುತ್ತಲ್ವಾ?"

ಬಡಗಿ ಮಗಳ ನೋಟ್‌ಬುಕ್ಕಿನ ಮೇಲೆ ಬಾಗಿದ. ಕಿಟಕಿಯಿಲ್ಲದ ಆ ಕೋಣೆಗೆ ಎರಡನೆಯ ಬಲ್ಬ್ ಎಳೆದವನು ಅವನೇ. ಮೂಲೆ ಮಟ್ಟ ನೋಡಿ ಬಾಗಿಲು ಕೂರಿಸುವವನಿಗೆ ಎರಡು ತಂತಿ ಯಾವ ಮಹಾ ವಿದ್ಯೆ ಎಂದು ತಾನೇ ಏಣಿ ಹತ್ತಿದ್ದ. ಅದಾಗಿ ಎರಡು ವರ್ಷ. ಹೆಂಡತಿ ಮರುದಿನವೇ ಹೇಳಿದ್ದಳು, "ರೀ, ಯಾಕೋ ಮೊದಲಿಗಿಂತ ಮಂಕು." "ಇರೋದು ಎರಡು ಬಲ್ಬು. ಮಂಕಾಗಿರೋದು ನಿನ್ನ ಕಣ್ಣು," ಎಂದಿದ್ದ. ಮಾತು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಬಟ್ಟೆ ಕೊಡಲು ಬಂದವರ ಮುಂದೆಲ್ಲ, "ಇವಳಿಗೆ ಕಣ್ಣು ಕಾಣ್ಸಲ್ಲ, ಕಸೂತಿ ಗಿಸೂತಿ ಕೊಟ್ಟೀರಿ ಜೋಕೆ" ಎಂದು ತಮಾಷೆ ಮಾಡುತ್ತಿದ್ದ. ತಮಾಷೆಯನ್ನು ಬಂದವರು ನಂಬಿದರು. ಬರುಬರುತ್ತಾ ಅವಳೂ ನಂಬಿದಳು. ಮದುವೆಯ ಉಡುಪಿಗೆ ಹೂ ಬಿಡಿಸುತ್ತಿದ್ದ ಕೈ ಈಗ ದಿಂಬಿನ ಚೀಲ, ಪರದೆ ಅಂತ ನೇರ ಗೆರೆ ಹೊಲಿಯುತ್ತಿತ್ತು.

"ಸರಿಯಾಗಿ ಜೋಡಿಸೋ ಚಿತ್ರ ಇದ್ಯಾ ಅದ್ರಲ್ಲಿ?" ಎಂದ.

ಮೇನ್ ಸ್ವಿಚ್ ಆರಿಸಿ ಹೊಲಿಗೆ ಕೋಣೆಯಲ್ಲಿ ಏಣಿ ಹತ್ತಿದ. ಮಗಳು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನೋಟ್‌ಬುಕ್ ಎತ್ತಿ ಹಿಡಿದಳು. ಒಂಬತ್ತನೇ ಕ್ಲಾಸಿನ ಹುಡುಗಿ "ಅದಲ್ಲಪ್ಪ, ಆ ಕಡೆ ತಂತಿ" ಎನ್ನುತ್ತಿದ್ದಂತೆ, ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲದ ಬಡಗಿ ಹೇಳಿದ ಹಾಗೆ ಕಟ್ಟಿದ. ಹೆಂಡತಿ ಮೆಷಿನ್ನಿನ ಮುಂದೆ ಕತ್ತಲಲ್ಲೇ ಕುಳಿತಿದ್ದಳು.

ಮಗಳು ಓಡಿಹೋಗಿ ಕರೆಂಟ್ ಹಾಕಿದಳು. ಕೋಣೆಯ ಮೂಲೆ ಮೂಲೆಗೂ ಬೆಳಕು ನುಗ್ಗಿತು.

"ನಾನು ಹಾಕಿದ್ದೇ ತಪ್ಪಾಗಿತ್ತು ಕಣೇ," ಎಂದ ಏಣಿಯ ಮೇಲಿಂದ, ಗೋಡೆಯ ಕಡೆ ಮುಖ ಮಾಡಿ. "ನಿನ್ನ ಕಣ್ಣಿಗೇನೂ ಆಗಿಲ್ಲ."

ಆಮೇಲೆ ಧೈರ್ಯ ಮಾಡಿ ತಿರುಗಿದ. ಅವಳು ಅರ್ಧ ಹೊಲಿದ ಪರದೆಯನ್ನು ಬಲ್ಬಿನ ಕೆಳಗೆ ಹರಡಿ ನೋಡುತ್ತಿದ್ದಳು. ಕಡುನೀಲಿ ಬಟ್ಟೆಯ ಅಂಚಿನುದ್ದಕ್ಕೂ, ನೀಲಿ ಅಂದುಕೊಂಡು ಹಾಕಿದ್ದ ಕಪ್ಪು ದಾರ ಓಡಿತ್ತು.

ಅವಳು ಕತ್ತರಿಯ ತುದಿಯಿಂದ ಮೊದಲ ಹೊಲಿಗೆಯನ್ನು ಮೆಲ್ಲಗೆ ಎತ್ತಿದಳು.

"ಇದೊಂದನ್ನ ಬಿಚ್ಚಿ ಹೊಲೀಬಹುದು ಬಿಡಿ," ಎಂದಳು.