ನಕ್ಷತ್ರದೊಳಗಿನ ಝೀರೋ ಬಲ್ಬ್

ಬೀದಿಯಲ್ಲಿ ಯಾರಾದರೂ ಕಾಗದ ಸುಟ್ಟರೆ ಈಗಲೂ ನನಗೆ ಬೆಂಗಳೂರಿನ ಕಾಕ್ಸ್ ಟೌನಿನ ನಮ್ಮ ಬಾಡಿಗೆ ಮನೆ ನೆನಪಾಗುತ್ತದೆ.

ಕ್ರಿಸ್‌ಮಸ್ಸಿಗೆ ಓನರ್ ಆಂಟಿ ಕೊಟ್ಟ ಕಾಗದದ ನಕ್ಷತ್ರವನ್ನು ನಾನೂ ಅಕ್ಕನೂ ನಡುಮನೆಯಲ್ಲಿ ತೂಗುಹಾಕಿ, ಮಧ್ಯಾಹ್ನವೇ ಕಿಟಕಿ ಮುಚ್ಚಿ ಬೆಳಗಿಸಿದ್ದೆವು. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಅಪ್ಪ ವಾಸನೆಗೆ ಎದ್ದು ಬಂದರು. ಒಳಗಿನ ಅರವತ್ತು ವ್ಯಾಟಿನ ಬಲ್ಬಿಗೆ ತಾಗಿ ಕಾಗದ ಕಂದಾಗಿತ್ತು. ಅಪ್ಪ ಬೈಯಲಿಲ್ಲ. ಸ್ವಿಚ್ ಆರಿಸಿ, ಬಲ್ಬು ತಣ್ಣಗಾಗುವವರೆಗೆ ಕಾದು, ಅದರ ಜಾಗಕ್ಕೆ ದೇವರ ಮನೆಯ ಝೀರೋ ಬಲ್ಬ್ ಹಾಕಿದರು.

"ನಾನು ಎದ್ದಿರೋವರೆಗೂ ಉರೀಲಿ. ಮಲಗಿದ್ರೆ ಆಫ್ ಮಾಡ್ಬೇಕು," ಅಂದರು.

ನಾವು ಒಪ್ಪಿದೆವು. ಅವರು ಗೋಡೆಗೆ ಒರಗಿ ಕೂತರು. ಅವರ ಕಣ್ಣು ಮುಚ್ಚಿದಾಗಲೆಲ್ಲ ಅಕ್ಕ "ಅಪ್ಪಾ" ಅನ್ನುತ್ತಿದ್ದಳು.

"ಹೋಗಿ ಮಲಗ್ರೀ, ರಾತ್ರಿ ಮತ್ತೆ ಡ್ಯೂಟಿ ಇದೆ," ಎಂದು ಅಮ್ಮ ಅಡುಗೆಮನೆಯಿಂದ ಹೇಳಿದರು.

"ಇನ್ನೊಂಚೂರು ನೋಡ್ಲಿ ಬಿಡು."

ಇವತ್ತಿಗೂ ಆ ನಕ್ಷತ್ರ ಹಸಿರು ಅನ್ನುತ್ತೇನೆ ನಾನು, ಹಳದಿ ಅನ್ನುತ್ತಾಳೆ ಅಕ್ಕ. ಆಂಟಿ ಕೊಟ್ಟದ್ದೇ ಅಲ್ಲ, ನಾವೇ ಕೊಂಡದ್ದು ಅನ್ನುತ್ತಾರೆ ಅಮ್ಮ. ಆ ರಾತ್ರಿ ಡ್ಯೂಟಿಗೆ ಹೊರಟಾಗ ಅಪ್ಪನ ಕಣ್ಣು ಕೆಂಪಗಿದ್ದವು ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.