ಒಟ್ಟಿಗೆ ಬಂದ ಜ್ವರ

ಆಸ್ಪತ್ರೆಯ ಮಂಚದ ಪಕ್ಕ ನಿಂತು ತಂಗಿ ಅಕ್ಕನ ತಲೆ ಬಾಚುತ್ತಿದ್ದಳು. ಮೆದುಳಿನ ಗಡ್ಡೆಯ ಆಪರೇಷನ್ನಿಗೆಂದು ನಾಳೆ ಆ ಕೂದಲನ್ನು ಬೋಳಿಸುವವರಿದ್ದರು. ಇಂಥ ಗಡ್ಡೆಯ ಹಿಂದೆ ಎಂಜಲಿನಿಂದ ಅಂಟಿ ಎಲ್ಲರಿಗೂ ಬಂದುಹೋಗುವ ಮಾಮೂಲಿ ವೈರಸ್ಸಿನ ಕೈವಾಡವೂ ಇದ್ದೀತು, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದು ಡಾಕ್ಟರು ಹೇಳಿಹೋದಾಗಿನಿಂದ ತಂಗಿಯ ಬಾಚಣಿಗೆ ನಿಂತಿರಲಿಲ್ಲ.

"ಚಿಕ್ಕವರಿದ್ದಾಗ ಕತ್ತು ಊದಿ ಜ್ವರ ಬಂದಿತ್ತಲ್ಲಕ್ಕಾ, ನನ್ನಿಂದಲೇ ತಾನೇ ನಿನಗೆ ಅಂಟಿದ್ದು?"

ಅಕ್ಕ ಕಿಸಕ್ಕನೆ ನಕ್ಕಳು. "ನೀನೆಲ್ಲಿ ಅಂಟಿಸಿದೆ, ಪೆದ್ದಿ? ನಾನೇ ಬೇಕಂತ ನಿನ್ನ ಎಂಜಲು ಹಾಲು ಕುಡಿದೆ ಕಣೇ. ಸ್ಕೂಲಿಗೆ ಚಕ್ಕರ್ ಹೊಡೆದು ನಿನ್ನ ಪಕ್ಕ ಬಿದ್ಕೊಂಡಿರೋಣ ಅಂತ. ಎಂಥಾ ಮಜಾ ಇತ್ತು!"

ತಂಗಿ ಬಾಚಣಿಗೆ ಕೆಳಗಿಟ್ಟಳು. ಚಪ್ಪಲಿ ಕಳಚಿ, ಆ ಕಿರಿದಾದ ಮಂಚ ಹತ್ತಿ, ಅಕ್ಕನ ಕತ್ತಿನಲ್ಲಿ ಮುಖ ಹುದುಗಿಸಿದಳು. ಅಕ್ಕ ಹೊದಿಕೆಯನ್ನು ಇಬ್ಬರ ಮೇಲೂ ಎಳೆದಳು.

"ಅದು ಪೇಶೆಂಟ್ ಮಂಚ ಕಣಮ್ಮಾ, ಕೆಳಗಿಳಿ," ಎಂದಳು ಬಾಗಿಲಲ್ಲಿ ನಿಂತ ನರ್ಸ್.