ಅಣ್ಣುವಿನ ಮಾಲಕ

ಸೇವಂತಿ ನಿಜವಾಗಿಯೂ ಬಂದುಬಿಟ್ಟಳು. ಪರೇಲಿನ ಗಿರಣಿ ಕೆಲಸಗಾರರ ಹಳೆಯ ಚಾಳಿನಲ್ಲಿದ್ದ ಶಾಸಕ ಸಾಹೇಬರ ಆಫೀಸಿನ ಹೊರಗೆ ಚಪ್ಪಲಿ ಬಿಟ್ಟು, ರೇಷನ್ ಕಾರ್ಡಿಗೆಂದೂ ನಳದ ನೀರಿಗೆಂದೂ ಬಂದು ಕಾದಿದ್ದವರ ನಡುವೆ ಬೆಂಚಿನ ತುದಿಯಲ್ಲಿ ಅವಳು ಕುಳಿತದ್ದನ್ನು ಕಂಡು ಚಂದ್ರಾಮ ಅವಸರದಿಂದ ಅವಳ ಹತ್ತಿರ ಹೋದ.

ಕರೆದವನು ಅವನೇ. ಕ್ಷೇತ್ರದಲ್ಲಿ ಯಾರೇ ತೀರಿಕೊಳ್ಳಲಿ, ಸಾಹೇಬರ ಪರವಾಗಿ ಹೂವಿನ ಹಾರ ಹಿಡಿದು ಹೋಗುವುದು ಚಂದ್ರಾಮನ ಕೆಲಸ. ಹಾರ ಹಾಕಿ, ಕೈಮುಗಿದು, "ಸಾಹೇಬರು ನಿಮ್ಮ ಬೆನ್ನಿಗಿದ್ದಾರ, ಏನರ ಬೇಕಾದ್ರ ಆಫೀಸಿಗೆ ಬರ್ರಿ" ಎನ್ನಬೇಕು. ಕೇಳಿದವರು ತಲೆಯಾಡಿಸುತ್ತಾರೆ, ಬರುವವರು ಮಾತ್ರ ಯಾರೂ ಇಲ್ಲ. ಹೋದ ವಾರ, ಸಾಹೇಬರ ಗಾಡಿ ಓಡಿಸುತ್ತಿದ್ದ ಅಣ್ಣುವಿನ ಹೆಣದ ಮುಂದೆ ನಿಂತಾಗಲೂ ಅವನ ಬಾಯಿ ರೂಢಿಯ ಮೇಲೆ ಅದನ್ನೇ ಒದರಿಬಿಟ್ಟಿತ್ತು. ಒಂದೇ ಡಬ್ಬಿಯಲ್ಲಿ ಜೊತೆಗೆ ಉಂಡವನು, ಅವನ ಹೆಂಡತಿ ಸೇವಂತಿಗೂ ಇದೇ ಮಾತೇ ಶಿವನೇ ಎಂದು ಚಂದ್ರಾಮ ಲೋಕಲ್ ರೈಲಿನಲ್ಲಿ ಕುಳಿತು ದಾದರಿನವರೆಗೂ ನೊಂದುಕೊಂಡಿದ್ದ.

"ಯಾಕ ಬಂದಿ ತಂಗಿ?" ಅವನು ದನಿ ತಗ್ಗಿಸಿ ಕೇಳಿದ.

"ನೀವೇ ಬರ್ಲಿಕ್ಕೆ ಹೇಳಿದ್ದಲ್ವಾ ಅಣ್ಣ?"

"ಅದು... ಅದು ಎಲ್ಲಾರಿಗೂ ಹೇಳೂದು, ತಾಯಿ."

"ಎಲ್ಲರಲ್ಲಿ ನಾನು ಬರುದಿಲ್ವಾ?" ಎಂದಳು ಅವಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದೂರ ನಡೆದು ಬಂದವರ ದಣಿವಿತ್ತು. "ಯೂನಿಯನ್ ಆಫೀಸಿನ ವಕೀಲರು ಹೇಳಿದ್ರು, ಕೆಲಸದ ಮೇಲಿದ್ದಾಗ ತೀರಿಕೊಂಡದ್ದು ಅಂತ ಆದ್ರೆ ಪರಿಹಾರ ಕೊಡ್ಲೇಬೇಕಂತೆ. ಅಣ್ಣು ನನ್ನ ಡ್ರೈವರು ಅಂತ ಸಾಹೇಬರು ಒಂದು ಮಾತು ಹೇಳಿದ್ರೆ ಆಯ್ತು. ಇಲ್ಲಾಂದ್ರೆ ಗೊತ್ತಿದ್ದವರು ಯಾರಾದ್ರೂ ಸಾಕ್ಷಿ ಹೇಳ್ಬೇಕಂತೆ. ಅದೂ ಇಲ್ಲಾಂದ್ರೆ ಮಕ್ಕಳನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗುದು?"

ಸಾಹೇಬರು ಸೊಲ್ಲಾಪುರದ ಕಡೆಯವರು. ಓಟು ಕೇಳುವಾಗ ಕನ್ನಡ, ಸಿಟ್ಟಿಗೆದ್ದಾಗ ಮರಾಠಿ. ಸರದಿ ಬಂದು ತಮ್ಮ ಮುಂದೆ ಕುಳಿತ ಸೇವಂತಿಯ ಮಾತನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಅತ್ತಿಗೆಯನ್ನು ಕರೆದಂತೆ ಕರೆದು, ಕನ್ನಡದಲ್ಲಿಯೇ ಶುರು ಮಾಡಿದರು.

"ವಹಿನಿ, ಅಣ್ಣು ನನಗ ಒಡಹುಟ್ಟಿದ ತಮ್ಮ ಇದ್ಹಂಗ. ಅವಗ ನೌಕರ ಅಂದ್ರ ಅವನ ಆತ್ಮಕ್ಕ ಅವಮಾನ. ಇಲ್ಲಿ ಯಾರೂ ನೌಕರರಲ್ಲ, ಎಲ್ಲಾರೂ ಕಾರ್ಯಕರ್ತರು. ಗಿರಣಿ ಮಂದಿ ಹಕ್ಕಿನ ಸಲುವಾಗಿ ವಿಧಾನಸಭಾದಾಗ ಗಂಟಲ ಹರಕೊಂಡಾಂವ ನಾನು. ನನ್ನ ಮನ್ಯಾಗ ನೌಕರರನ್ನ ಇಟಗೋತೀನೇನು?"

"ತಮ್ಮ ಆಗಿದ್ರೆ ದೀಪಾವಳಿಗಾದ್ರೂ ಮನೆಗೆ ಕಳಿಸ್ತಿದ್ರಿ."

ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಸಾಹೇಬರು ಕಣ್ಣು ತೆರೆದರು.

"ಅವತ್ತ ಗೋರೆಗಾಂವಕ್ಕ ಹೋಗಂತ ನಾ ಹೇಳಿದ್ನೇನು? ಪಕ್ಷದ ಮ್ಯಾಲಿನ ಹುಮ್ಮಸ್ಸಿಗೆ ತಾನಾಗೇ ಹೋದ. ಚಂದ್ರಾಮ, ಸಾಂಗ್ ತಿಲಾ. ನೀನ ಹೇಳು."

ಚಂದ್ರಾಮನ ಕೈ ಅಂಗಿಯ ಮೇಲಿನಿಂದಲೇ ಎದೆಯ ಲಿಂಗವನ್ನು ಮುಟ್ಟಿತು. ಆ ಮುಂಜಾನೆ ಅವನ ಕಣ್ಣ ಮುಂದೆ ಬಂತು. ಚುನಾವಣೆಯ ಓಡಾಟದಲ್ಲಿ ನಿದ್ದೆಗೆಟ್ಟು ಅಣ್ಣುವಿನ ಕಣ್ಣುಗಳು ಕೆಂಡವಾಗಿದ್ದವು. "ಚಂದ್ರಾಮಣ್ಣ, ಒಂದು ಗಳಿಗೆ ಒರಗ್ತೇನೆ ಮಾರಾಯ್ರೆ," ಎಂದು ಸ್ಟೇರಿಂಗಿನ ಮೇಲೆ ತಲೆಯಿಟ್ಟವನು ಅಲ್ಲೇ ಗೊರಕೆ ಹೊಡೆದಿದ್ದ. ಒಳಗಿನಿಂದ ಸಾಹೇಬರು ಕೂಗಿದ್ದರು: ಇನ್ನೂ ಮಲಗ್ಯಾನೇನು, ಎಬ್ಬಿಸಿ ಕಳಿಸು, ಗೋರೆಗಾಂವದ ಸಭಾಕ್ಕ ಮೈಕ್ ಮುಟ್ಟಬೇಕು. ಚಂದ್ರಾಮನೇ ಭುಜ ಅಲುಗಿಸಿದ್ದ. ಅಣ್ಣು ಮುಖಕ್ಕೆ ನೀರು ಚಿಮುಕಿಸಿಕೊಂಡು, ನಗುತ್ತಲೇ ಗಾಡಿ ಹೊರಡಿಸಿದ್ದ. ಗೋರೆಗಾಂವ್ ಮುಟ್ಟುವ ಮೊದಲೇ ದಾರಿಯ ಬದಿಗೆ ನಿಂತ ಲಾರಿಗೆ ಹೋಗಿ ಬಡಿದಿದ್ದ.

ಈಗ ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು. ಮನೆಯಲ್ಲಿ ಹೆಂಡತಿ ಭಾಗವ್ವ ಹಾಸಿಗೆ ಹಿಡಿದಿದ್ದಳು. ಈ ಆಫೀಸು ಬಿಟ್ಟರೆ ಅವನಿಗೆ ಈ ಊರಿನಲ್ಲಿ ಬೇರೆ ಕೆಲಸ ಗೊತ್ತಿಲ್ಲ. ಆದರೂ ಬಾಯಿ, ಈ ಸಲ ರೂಢಿ ಮರೆತು, ತಾನಾಗಿ ತೆರೆಯಿತು.

"ನೀವು ಕಳಿಸು ಅಂದ್ರಿ ಸಾಹೇಬ್ರ. ಮಲಗಿದಾಂವನ್ನ ನಾ ಎಬ್ಬಿಸಿ ಕಳಿಸಿದೆ."

ಸಾಹೇಬರು ಸಿಟ್ಟಾಗಲಿಲ್ಲ. ಬೇಕಾದ ಗಂಟು ಸಿಕ್ಕವರಂತೆ ಹಗುರಾಗಿ ನಕ್ಕರು.

"ಕೇಳಿದಿರೇನು ವಹಿನಿ? ಎಬ್ಬಿಸಿ ಕಳಿಸಿದಾಂವ ಇವ. ಅಂದಮ್ಯಾಲ ಅಣ್ಣುನ ಮಾಲಕ ಈ ಚಂದ್ರಾಮ. ನಿಮ್ಮ ಪರಿಹಾರ ಏನದ, ಇವನ ಕಡೆ ಕೇಳ್ರಿ!"

ಬೆಂಚಿನವರೂ ನಕ್ಕರು. ಸಾಹೇಬರು ನಕ್ಕಾಗ ನಗದೆ ಕುಳಿತರೆ ರೇಷನ್ ಕಾರ್ಡು ಸಿಗುವುದೇ?

ಸೇವಂತಿ ಮಾತ್ರ ನಗಲಿಲ್ಲ. ಸೆರಗನ್ನು ಹೆಗಲಿಗೆ ಸರಿಪಡಿಸಿಕೊಂಡು ಎದ್ದು ನಿಂತಳು.

"ಆಗ್ಲಿ," ಎಂದಳು. "ಇವರ ಮಾಲಕರು ಯಾರು?"

ನಗೆ ನಿಂತಿತು. ಸಾಹೇಬರು "ಚಲಾ, ಪುಢೆ!" ಎಂದು ಮುಂದಿನವರನ್ನು ಕರೆಯುವಂತೆ ಚಂದ್ರಾಮನತ್ತ ಕೈ ಬೀಸಿದರು. ಚಂದ್ರಾಮ ಯಾರನ್ನೂ ಕರೆಯಲಿಲ್ಲ. ಮೆಲ್ಲಗೆ ಸೇವಂತಿಯ ಹಿಂದೆ ಬಾಗಿಲ ತನಕ ಬಂದ.

"ಸಾಕ್ಷಿ ಹೇಳಾಕ ಇವತ್ತ ಹೋದ್ರ ನಡೀತದೇನು ತಂಗಿ? ಆ ವಕೀಲರು ಈಗ ಇರ್ತಾರೇನು?"

ಅವಳು ಹೂಂ ಎಂದಳು. ಚಂದ್ರಾಮ ಹೊಸ್ತಿಲಾಚೆ ಬಗ್ಗಿ ತನ್ನ ಚಪ್ಪಲಿ ಹುಡುಕತೊಡಗಿದ. ದಿನಾ ಎಲ್ಲರಿಗಿಂತ ಮೊದಲು ಬರುವವನು. ಅವನವು ಊರವರೆಲ್ಲರ ಚಪ್ಪಲಿಗಳ ಅಡಿಯಲ್ಲಿದ್ದವು.